ಇನ್ನೊಂದು ಬೀಗದ ಕೈ ಓನರ್ ಹತ್ತಿರ ಇದೆ, ಹಾಗಂತ ಒಳಗೆ ಹೋಗಬಹುದಾ?

ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆ 30×40 ಸೈಟಿನದು. ಕೆಳಗೆ ನಾವಿದ್ದೇವೆ, ಮೇಲೆ ಬಾಡಿಗೆಯವರು, ಆಫೀಸಿಗೆ ಹೋಗುವ ಒಬ್ಬ ಹುಡುಗ, ಒಬ್ಬ ಹುಡುಗಿ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಡುಗೆಮನೆಯ ಸೂರಿನಲ್ಲಿ ಒಂದು ಕಂದು ಕಲೆ ಕಾಣಿಸಿಕೊಂಡಿತು. ಮೊದಲು ಎರಡು ರೂಪಾಯಿ ನಾಣ್ಯದಷ್ಟಿತ್ತು. ಹದಿನೈದು ದಿನಕ್ಕೆ ದೋಸೆ ಕಾವಲಿಯಷ್ಟಾಯಿತು. ಆಮೇಲೆ ಪೇಂಟ್ ಉಬ್ಬಿ, ಚಕ್ಕೆ ಚಕ್ಕೆಯಾಗಿ ಗ್ಯಾಸ್ ಒಲೆಯ ಮೇಲೆ ಉದುರತೊಡಗಿತು. ಒಗ್ಗರಣೆ ಹಾಕುವಷ್ಟು ಹೊತ್ತೂ ಅಮ್ಮ ಸಾರಿನ ಪಾತ್ರೆ ತೆರೆದಿಡುವಂತಿರಲಿಲ್ಲ.

ಪ್ಲಂಬರ್ ಬಂದ. ಕತ್ತೆತ್ತಿ ನೋಡಿದ. "ಇದು ಮಳೆ ನೀರಲ್ಲ ಸಾರ್. ಮೇಲಿನ ಬಾತ್‌ರೂಮ್ ನಾನಿ ಟ್ರ್ಯಾಪ್ ಹತ್ರ ಎಲ್ಲೋ ಲೀಕ್ ಇದೆ. ಮೇಲೆ ಹೋಗಿ ನೋಡ್ದೆ ಏನೂ ಹೇಳಕ್ಕಾಗಲ್ಲ" ಅಂದ.

ನಾನಿ ಟ್ರ್ಯಾಪ್ ಅಂದರೆ ಬಾತ್‌ರೂಮ್ ನೆಲದ ನೀರು ಇಳಿದುಹೋಗುವ ಕಿಂಡಿ. ಆದರೆ ಮೇಲಿನ ಮನೆಯೊಳಗೆ ಹೋಗುವುದೇ ಆಗಲಿಲ್ಲ. ಅಪ್ಪ ಕೇಳಿದರೆ "ಇವತ್ತು ಬೇಡ ಅಂಕಲ್, ಆಫೀಸ್ ಕಾಲ್ ಇದೆ, ಶನಿವಾರ ಬನ್ನಿ" ಅಂದರು. ಶನಿವಾರ ಬಾಗಿಲಿಗೆ ಬೀಗ. ಮೂರನೇ ಸಲ ಆ ಹುಡುಗ ಬಾಗಿಲು ಅರ್ಧ ತೆರೆದು, ಚಿಲಕದ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದ. ಬಾಡಿಗೆ ಮಾತ್ರ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬರುತ್ತಿತ್ತು, ಒಂದು ದಿನ ತಪ್ಪಿಲ್ಲ.

ಅಪ್ಪನಿಗೆ ರೇಗಿಹೋಯಿತು. "ನನ್ನ ಮನೆಗೆ ನಾನು ಹೋಗಕ್ಕೆ ಇವನ ಪರ್ಮಿಷನ್ ಬೇಕಾ?" ಅಂತ ಬೀರು ತೆಗೆದು ಮೇಲಿನ ಮನೆಯ ಇನ್ನೊಂದು ಬೀಗದ ಕೈ ಹುಡುಕತೊಡಗಿದರು.

ಪರ್ಮಿಷನ್ ಬೇಕು. ಈ ಉತ್ತರ ಬಹಳ ಓನರ್‌ಗಳಿಗೆ ಹಿಡಿಸುವುದಿಲ್ಲ, ನಮ್ಮಪ್ಪನಿಗೂ ಹಿಡಿಸಲಿಲ್ಲ. ಆದರೆ ಇದರ ಜೊತೆಗೇ ಇನ್ನೊಂದು ಮಾತಿದೆ, ಅದು ಬಾಡಿಗೆಯವರಿಗೆ ಹಿಡಿಸುವುದಿಲ್ಲ: ಓನರ್ ಮನೆ ನೋಡಬೇಕು ಅಂದರೆ ಸುಮ್ಮಸುಮ್ಮನೆ "ಆಗಲ್ಲ" ಅನ್ನುವ ಹಾಗೂ ಇಲ್ಲ. ನೋಡುವ ಹಕ್ಕು ಓನರ್‌ದು, ಬಾಗಿಲು ತೆಗೆಯುವ ಕೈ ಬಾಡಿಗೆಯವರದು. ಬೆಂಗಳೂರಿನ ಎಷ್ಟೋ ಜಗಳ ಶುರುವಾಗುವುದು ಇವೆರಡನ್ನೂ ಒಂದೇ ಅಂದುಕೊಂಡಾಗ.

ಇದು ಎಲ್ಲಿಂದ ಬಂತು ಅಂತ ನೋಡೋಣ. ನಮ್ಮೂರಿನಲ್ಲಿ ಈಗಲೂ ಜನ "ರೆಂಟ್ ಕಂಟ್ರೋಲ್" ಅನ್ನುತ್ತಾರೆ, ಅದು ಬಾಡಿಗೆಯವರ ಪರ ಇರುವ ಕಾನೂನು ಅಂತ ಹೆದರುತ್ತಾರೆ. 1961ರ ಆ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂದು, 2001ರ ಕೊನೆಯಲ್ಲಿ ಜಾರಿಯಾಯಿತು. ಆದರೆ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಬೆಂಗಳೂರಿನಲ್ಲಿ ಆ ಕಾಯ್ದೆ ಮನೆಯ ಹತ್ತಿರವೂ ಸುಳಿಯುವುದಿಲ್ಲ. ಇವತ್ತು 3,500ಕ್ಕೆ ಇಲ್ಲಿ ಎಲ್ಲಿ ಮನೆ ಸಿಗುತ್ತದೆ ಹೇಳಿ. ಯಾವುದೋ ಹಳೇ ವಠಾರದಲ್ಲಿ, ತಾತನ ಕಾಲದಿಂದ ಇರುವವರಿಗೆ ಇರಬಹುದು. ಮಿಕ್ಕ ಎಲ್ಲರಿಗೂ, ಅಂದರೆ ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್‌ನವರಿಂದ ನಮ್ಮ ಮೇಲಿನ ಮನೆಯವರ ತನಕ, ಅನ್ವಯವಾಗುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರೆಂಟ್ ಕೂಡ ಬೆಂಗಳೂರಿಗೆ ಬಂದಿರದ ಕಾಲದ ಕಾನೂನು, ಇವತ್ತು ಗೀಸರ್ ರಿಪೇರಿಯ ಜಗಳ ಬಿಡಿಸುತ್ತಿದೆ.

ಆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿ ಓನರ್ ಮತ್ತು ಬಾಡಿಗೆಯವರ ಹಕ್ಕು, ಹೊಣೆ ಎಲ್ಲಾ ಇವೆ. ಎರಡು ಸಾಲು ಇಲ್ಲಿ ಮುಖ್ಯ. ಒಂದು, ಬಾಡಿಗೆ ಕೊಟ್ಟುಕೊಂಡು ಕರಾರಿನಂತೆ ಇರುವವರನ್ನು ಯಾರೂ ಕಾಡದ ಹಾಗೆ ನೆಮ್ಮದಿಯಾಗಿ ಇರಲು ಬಿಡಬೇಕು. ಇನ್ನೊಂದು, ಓನರ್ ಅಥವಾ ಅವರು ಕಳಿಸಿದವರು "ಸಮಂಜಸ ವೇಳೆಯಲ್ಲಿ" ಬಂದು ಮನೆಯ ಸ್ಥಿತಿ ನೋಡಲು ಬಾಡಿಗೆಯವರು ಬಿಡಬೇಕು. ಏನಾದರೂ ಹಾಳಾಗಿದ್ದರೆ ಓನರ್ ನೋಟಿಸ್ ಕೊಡಬಹುದು. ಅದು ಬಾಡಿಗೆಯವರಿಂದಲೇ ಆಗಿದ್ದರೆ ಮೂರು ತಿಂಗಳೊಳಗೆ ಅವರು ಸರಿಮಾಡಿಸಿ ಕೊಡಬೇಕು.

ನೋಡಿ, "ಬಿಡಬೇಕು" ಅಂತಿದೆ. ಬಿಡದಿದ್ದರೆ ನೀವೇ ಬೀಗ ತೆಗೆದು ನುಗ್ಗಿ ಅಂತ ಎಲ್ಲೂ ಇಲ್ಲ. ಸಮಂಜಸ ವೇಳೆ ಅಂದರೆ ಎಷ್ಟು ಗಂಟೆ, ಎಷ್ಟು ದಿನ ಮೊದಲು ಹೇಳಬೇಕು, ತಿಂಗಳಿಗೆ ಎಷ್ಟು ಸಲ ಬರಬಹುದು, ಒಂದೂ ಇಲ್ಲ. ಮೇಲಾಗಿ, ನೀವು ನೀವೇ ಬೇರೆ ಥರ ಕರಾರು ಮಾಡಿಕೊಂಡಿದ್ದರೆ ಅದೇ ನಡೆಯುತ್ತದೆ ಅಂತ ಆ ಸೆಕ್ಷನ್ನೇ ಹೇಳುತ್ತದೆ. ಅಂದರೆ ಭಾರವೆಲ್ಲ ಬೀಳುವುದು ನಮ್ಮ 11 ತಿಂಗಳ ಅಗ್ರಿಮೆಂಟ್ ಮೇಲೆ. ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕು ಅಂತ 11ಕ್ಕೇ ನಿಲ್ಲಿಸಿ, ಬ್ರೋಕರ್ ಕೊಟ್ಟ ಮಾದರಿಯಲ್ಲಿ ಹೆಸರು, ಬಾಡಿಗೆ, ಅಡ್ವಾನ್ಸ್ ಬದಲಾಯಿಸಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತೇವಲ್ಲ, ಅದೇ. ಅದರಲ್ಲಿ ಇನ್‌ಸ್ಪೆಕ್ಷನ್ ಬಗ್ಗೆ ಒಂದು ಸಾಲು ಇದ್ದರೂ ಯಾರೂ ಓದಿರುವುದಿಲ್ಲ. ನಮ್ಮ ಅಗ್ರಿಮೆಂಟ್ ತೆಗೆದು ನೋಡಿದೆ. ಗೋಡೆಗೆ ಮೊಳೆ ಹೊಡೆಯಬಾರದು ಅಂತ ಎರಡು ಕಡೆ ಇತ್ತು. ಮನೆ ನೋಡಲು ಬರುವ ವಿಷಯ ಒಂದು ಕಡೆಯೂ ಇರಲಿಲ್ಲ.

ಸರಿ, ಅಪ್ಪ ಬೀಗ ತೆಗೆದು ಹೋಗಿಯೇಬಿಟ್ಟಿದ್ದರೆ? ಮನೆ ಯಾರ ಹೆಸರಿನಲ್ಲಿದೆ ಅನ್ನುವುದು ಬೇರೆ, ಯಾರ ವಶದಲ್ಲಿದೆ ಅನ್ನುವುದು ಬೇರೆ. ಅತಿಕ್ರಮ ಪ್ರವೇಶದ ಕಾನೂನು ಕೇಳುವುದು ಎರಡನೆಯದನ್ನು. ಹಳೇ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ, ಇನ್ನೊಬ್ಬರ ವಶದಲ್ಲಿರುವ ಜಾಗಕ್ಕೆ ಅವರನ್ನು ಹೆದರಿಸಲು, ಅವಮಾನಿಸಲು ಅಥವಾ ಕಿರಿಕಿರಿ ಮಾಡಲು ಹೋದರೆ ಅದು ಅಪರಾಧ. ವಾಸದ ಮನೆಯಾದರೆ ಒಂದು ವರ್ಷದ ತನಕ ಜೈಲು, 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ನಲ್ಲಿ ನೋಡಲು ಹೋದವರ ಮೇಲೆ ಈ ಕೇಸ್ ನಿಲ್ಲದೇ ಇರಬಹುದು, ಉದ್ದೇಶ ಏನಿತ್ತು ಅನ್ನುವುದರ ಮೇಲೆ ಅದು ನಿಂತಿದೆ. ಆದರೆ ಮೂರು ಸಲ ಜಗಳ ಆದಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಹೋದವರು, "ನಲ್ಲಿ ನೋಡಕ್ಕೆ ಹೋಗಿದ್ದೆ" ಅಂತ ಸ್ಟೇಷನ್‌ನಲ್ಲಿ ವಿವರಿಸುತ್ತಾ ಕೂರಬೇಕು. ಕಪಾಟಿನಲ್ಲಿದ್ದ ಚಿನ್ನ ಕಾಣುತ್ತಿಲ್ಲ ಅಂತ ಅವರು ಒಂದು ಮಾತು ಸೇರಿಸಿದರಂತೂ ಮುಗಿಯಿತು.

ನಮ್ಮ ಮನೆ ವಿಷಯಕ್ಕೆ ಬರುತ್ತೇನೆ. ಅವರು ಯಾಕೆ ಹೀಗೆ ಆಡುತ್ತಿದ್ದಾರೆ ಅಂತ ನನಗೆ ಅರ್ಥವಾಗಿರಲಿಲ್ಲ. ಮೊದಮೊದಲು ಚೆನ್ನಾಗೇ ಇದ್ದರು, ಗಣೇಶನ ಹಬ್ಬಕ್ಕೆ ಕಡುಬು ಕೊಟ್ಟು ಕಳಿಸಿದ್ದರು. ಕೊನೆಗೆ ಅಮ್ಮ ಬಾಯಿಬಿಟ್ಟರು. ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮೇಲಿನ ಮನೆಯಲ್ಲಿ ನೀರು ಸುರಿಯುವ ಸದ್ದು ಕೇಳಿದೆ. ಅವರಿಬ್ಬರೂ ಆಫೀಸಿನಲ್ಲಿ. ಬೆಳಗ್ಗೆ ನೀರು ನಿಂತಾಗ ನಲ್ಲಿ ತೆರೆದಿಟ್ಟು ಹೋಗಿದ್ದಾರೆ. ಅಪ್ಪ ಬೀಗ ತೆಗೆದು ಹೋಗಿ ನಲ್ಲಿ ನಿಲ್ಲಿಸಿ ಬಂದಿದ್ದಾರೆ. ಅಲ್ಲಿಗೆ ಮುಗಿದಿದ್ದರೆ ಅವರು ಥ್ಯಾಂಕ್ಸ್ ಹೇಳುತ್ತಿದ್ದರೇನೋ. ಆದರೆ ಸಂಜೆ ಆ ಹುಡುಗಿ ಮೆಟ್ಟಿಲು ಹತ್ತುವಾಗ ಅಪ್ಪ ಗೇಟಿನ ಹತ್ತಿರ ನಿಂತು, "ಮನೆ ಸ್ವಲ್ಪ ನೀಟಾಗಿ ಇಟ್ಕೊಳಮ್ಮ, ಬಟ್ಟೆ ಎಲ್ಲಾ ಮಂಚದ ಮೇಲೇ ಬಿದ್ದಿತ್ತು" ಅಂದಿದ್ದಾರೆ.

ನಲ್ಲಿ ಇರುವುದು ಬಾತ್‌ರೂಮಿನಲ್ಲಿ. ಮಂಚ ಇರುವುದು ರೂಮಿನಲ್ಲಿ. ಆ ಹುಡುಗಿ ಅಷ್ಟು ಲೆಕ್ಕ ಹಾಕಲಾರಳಾ?

ಅಪ್ಪನ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ ಅಂತ ನನಗೆ ಗೊತ್ತು. ಮಗಳಿಗೆ ಹೇಳಿದ ಹಾಗೆ ಹೇಳಿದ್ದಾರೆ. ಆದರೆ ಆ ಒಂದು ಮಾತಿನಿಂದ ಮೇಲಿನವರಿಗೆ ಇನ್‌ಸ್ಪೆಕ್ಷನ್ ಅಂದರೆ ಇದೇ ಅಂತ ಆಗಿಹೋಯಿತು. "ಕಿರಿಕ್ ಬಾಡಿಗೆಯವರು" ಅಂತ ನಾವು ಹೆಸರಿಡುವವರಲ್ಲಿ ಒಂದಷ್ಟು ಜನ ಹೀಗೆ ತಯಾರಾದವರು.

ನನ್ನ ಚಿಕ್ಕಮ್ಮನ ಮಗಳು ಬಿಟಿಎಂನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗೆ ಇದ್ದಳು. ಅಲ್ಲಿನ ಓನರ್ ಗೀಸರ್ ಸರಿ ಇದೆಯಾ ನೋಡುತ್ತೇನೆ ಅಂತ ರಾತ್ರಿ ಒಂಬತ್ತೂವರೆಗೆ ಬೆಲ್ ಮಾಡುತ್ತಿದ್ದರು. ತಿಂಗಳಿಗೆ ಎರಡು ಸಲ ಗೀಸರ್ ನೋಡುವಂಥದ್ದು ಏನಿರುತ್ತದೆ? ಅವಳು ಒಳಗಡೆಯಿಂದ ಇನ್ನೊಂದು ಚಿಲಕ ಹಾಕಿಸಿದಳು. ಓನರ್ ಬೀದಿಯವರಿಗೆಲ್ಲ "ಈ ಹುಡುಗಿಯರು ಸರಿಯಿಲ್ಲ, ಒಳಗೇ ಬಿಡಲ್ಲ" ಅಂದರು. ಬೀಗ, ಚಿಲಕ ಬದಲಾಯಿಸಬಾರದು ಅಂತ 1882ರ ಕಾಯ್ದೆಯಲ್ಲೇನೂ ಇಲ್ಲ. ಅಗ್ರಿಮೆಂಟ್‌ನಲ್ಲಿ ಬೇಡ ಅಂತ ಇಲ್ಲದಿದ್ದರೆ ಹಾಕಿಸಬಹುದು. ಖಾಲಿ ಮಾಡುವಾಗ ಕೀಗಳನ್ನೆಲ್ಲ ಒಪ್ಪಿಸಬೇಕು, ಅಷ್ಟೇ.

ಹಾಗಂತ ಓನರ್‌ಗಳ ಭಯವೆಲ್ಲ ಸುಳ್ಳು ಅನ್ನಲಾರೆ. ಗಂಡ-ಹೆಂಡತಿ ಅಂತ ಅಗ್ರಿಮೆಂಟ್ ಮಾಡಿಸಿ, ಆರು ಜನ ಹುಡುಗರನ್ನು ತುಂಬಿದವರಿದ್ದಾರೆ. ಮನೆಯನ್ನೇ ದಿನದ ಲೆಕ್ಕಕ್ಕೆ ಗೆಸ್ಟ್‌ಗಳಿಗೆ ಕೊಟ್ಟು ದುಡ್ಡು ಮಾಡಿದವರಿದ್ದಾರೆ. ಒಂದು ವಿಷಯ ತುಂಬಾ ಓನರ್‌ಗಳಿಗೆ ಗೊತ್ತಿಲ್ಲ: ಅಗ್ರಿಮೆಂಟ್‌ನಲ್ಲಿ ಬೇಡ ಅಂತ ಬರೆಯದಿದ್ದರೆ, 108ನೇ ಸೆಕ್ಷನ್ ಒಳಬಾಡಿಗೆಗೆ ಅವಕಾಶ ಕೊಡುತ್ತದೆ. ಮೊಳೆ ಬಗ್ಗೆ ಎರಡು ಸಲ ಬರೆಯುವ ಬದಲು ಇದನ್ನು ಒಂದು ಸಲ ಬರೆದರೆ ವಾಸಿ. ಇನ್ನು, ಎಷ್ಟು ಜನ ಇದ್ದಾರೆ ಅಂತ ತಿಳಿಯಲು ಒಳಗೆ ಹೋಗಲೇಬೇಕಂತಿಲ್ಲ. ಸಂಪು ಎರಡು ದಿನ ಬರುವ ಕಡೆ ಒಂದೇ ದಿನಕ್ಕೆ ಖಾಲಿಯಾದರೆ, ಬೆಸ್ಕಾಂ ಬಿಲ್ ಒಮ್ಮೆಲೇ ಏರಿದರೆ, ಬಾಗಿಲಲ್ಲಿ ಎಂಟು ಜೊತೆ ಶೂ ಇದ್ದರೆ, ಲೆಕ್ಕ ಅಲ್ಲೇ ಸಿಗುತ್ತದೆ.

ಈ ಊರಿನ ಅಡ್ವಾನ್ಸ್ ಪದ್ಧತಿಯೂ ಈ ಜಗಳಕ್ಕೆ ತುಪ್ಪ ಸುರಿಯುತ್ತದೆ ಅಂತ ನನ್ನ ಅನಿಸಿಕೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ಇಸಿದುಕೊಳ್ಳುವುದು ಇಲ್ಲಿನ ಹಳೇ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಅಷ್ಟು ದುಡ್ಡು ಕೈಯಲ್ಲಿದ್ದಾಗ ಓನರ್‌ಗೆ ಮಧ್ಯದಲ್ಲಿ ಮನೆ ನೋಡುವ ಗೊಡವೆ ಬೇಡ. ಏನಾದರೂ ಆಗಿದ್ದರೆ ಕೊನೆಗೆ ಹಿಡಿದುಕೊಂಡರಾಯಿತು. ಆದ್ದರಿಂದ ಮನೆಯನ್ನು ಸರಿಯಾಗಿ ನೋಡುವುದು ಒಂದೇ ದಿನ, ಖಾಲಿ ಮಾಡುವ ದಿನ. ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹೋಯಿತು, ಟೈಲ್ಸ್ ಸೀಳಿದ್ದಕ್ಕೆ ಇಷ್ಟು, ಸಿಂಕ್ ಕಲೆಗೆ ಇಷ್ಟು. ಹೀಗಾಗಿ ಓನರ್ ಒಳಗೆ ಬರುತ್ತೇನೆ ಅಂದ ಕೂಡಲೇ ಬಾಡಿಗೆಯವರ ಕಿವಿಗೆ ಕೇಳುವುದು ಕ್ಯಾಲ್ಕುಲೇಟರ್ ಸದ್ದು. ಸೋರುತ್ತಿರುವ ನಲ್ಲಿಯನ್ನೂ ಬಚ್ಚಿಡುತ್ತಾರೆ. ಮೂರು ತಿಂಗಳಿಗೆ ಒಂದು ಸಲ ಹೇಳಿ ಬಂದು, ಹತ್ತು ನಿಮಿಷ ನೋಡಿ, ಕೆಟ್ಟಿದ್ದನ್ನು ಸರಿಮಾಡಿಸಿ ಹೋಗುವ ಓನರ್‌ಗೆ ಬಾಗಿಲು ಹಾಕಿದವರನ್ನು ನಾನಂತೂ ಕಂಡಿಲ್ಲ. ಓನರ್ ಬರುವುದೇ ಇಲ್ಲ, ರಿಪೇರಿಯೂ ಮಾಡಿಸಲ್ಲ ಅನ್ನುವ ಉಲ್ಟಾ ಕೇಸೂ ಉಂಟು. ಆಗ ಅವರು ಮಾಡಿಸಬೇಕಾದ ರಿಪೇರಿಯನ್ನು ಬಾಡಿಗೆಯವರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಅದೇ 108ನೇ ಸೆಕ್ಷನ್ ದಾರಿ ಕೊಟ್ಟಿದೆ. ಮೊದಲು ನೋಟಿಸ್ ಕೊಟ್ಟು, ಒಂದಷ್ಟು ಸಮಯ ಕೊಟ್ಟಿರಬೇಕು.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೆಲ್ಲ ಲೆಕ್ಕ ಬರೆದಿಟ್ಟಿದ್ದಾರೆ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಒಳಗೆ ಬರಬೇಕಾದರೆ 24 ಗಂಟೆ ಮೊದಲು ಪತ್ರದಲ್ಲೋ ಫೋನಿನ ಮೆಸೇಜಿನಲ್ಲೋ ಕಾರಣ, ದಿನ, ಸಮಯ ತಿಳಿಸಬೇಕು. ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ ಬರುವ ಹಾಗಿಲ್ಲ. ಬೆಂಕಿ, ಪ್ರವಾಹದಂಥ ತುರ್ತು ಇದ್ದರೆ ಮಾತು ಬೇರೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನ ಕಾನೂನು ಮಾಡಿಕೊಳ್ಳುವ ತನಕ ಬಸವೇಶ್ವರನಗರದಲ್ಲಿ ಅದಕ್ಕೆ ಬಲವಿಲ್ಲ. ಬಲವಿಲ್ಲದಿದ್ದರೂ ನಕಲು ಮಾಡಲು ಯಾರ ಅಡ್ಡಿಯೂ ಇಲ್ಲ. ಆ 24 ಗಂಟೆಯ ಸಾಲನ್ನು ನಿಮ್ಮ ಅಗ್ರಿಮೆಂಟ್‌ಗೆ ಹಾಕಿಕೊಂಡರೆ ಅದು ಇಬ್ಬರಿಗೂ ಕಟ್ಟುಪಾಡಾಗುತ್ತದೆ. ಜೊತೆಗೆ ಇನ್ನೊಂದು ಸಾಲು ಬೇಕು: ಖಾಲಿ ಮಾಡುವ ನೋಟಿಸ್ ಕೊಟ್ಟ ಮೇಲೆ ಹೊಸಬರಿಗೆ ಮನೆ ತೋರಿಸುವುದು. 108ನೇ ಸೆಕ್ಷನ್ ಹೇಳುವುದು ಮನೆಯ ಸ್ಥಿತಿ ನೋಡುವುದನ್ನು ಮಾತ್ರ. ಬ್ರೋಕರ್ ದಿನಕ್ಕೆ ನಾಲ್ಕು ಪಾರ್ಟಿ ಕರೆತಂದು ಬೆಡ್‌ರೂಮ್ ತೋರಿಸುವುದು ಅದರಲ್ಲಿ ಬರುವುದಿಲ್ಲ. ಭಾನುವಾರ ಬೆಳಗ್ಗೆ 10ರಿಂದ 1ರ ತನಕ ಅಂತ ಬರೆದುಕೊಂಡರೆ ಎಷ್ಟೋ ತಲೆನೋವು ತಪ್ಪುತ್ತದೆ.

ಇಷ್ಟಾದರೂ ಒಬ್ಬರು ಬಾಗಿಲು ತೆಗೆಯುವುದೇ ಇಲ್ಲ ಅಂದುಕೊಳ್ಳಿ. ಬಾಡಿಗೆಯೂ ನಿಂತಿದೆ, ಫೋನೂ ಎತ್ತಲ್ಲ. ಮೊದಲು ಪೊಲೀಸ್ ಸ್ಟೇಷನ್‌ಗೆ ಓಡುತ್ತಾರೆ, ಅಲ್ಲಿ "ಇದು ಸಿವಿಲ್ ಮ್ಯಾಟರ್ ಸಾರ್" ಅಂತ ವಾಪಸ್ ಕಳಿಸುತ್ತಾರೆ. ಆಮೇಲೆ ಯಾರೋ ಒಂದು ಉಪಾಯ ಹೇಳುತ್ತಾರೆ: ನೀರು ನಿಲ್ಲಿಸಿ, ಫ್ಯೂಸ್ ಕೀಳಿ, ಅವರಿಲ್ಲದಾಗ ಬೇರೆ ಬೀಗ ಜಡಿಯಿರಿ. ಇದರಷ್ಟು ದುಬಾರಿ ಉಪಾಯ ಇನ್ನೊಂದಿಲ್ಲ. ಇರುವ ಹಕ್ಕು ಮುಗಿದಿದ್ದರೂ ಸರಿ, ವಾಸ ಮಾಡಿಕೊಂಡಿರುವವರನ್ನು ಕೋರ್ಟಿನ ಮೂಲಕವೇ ಹೊರಗೆ ಹಾಕಬೇಕು, ಓನರ್ ತಾನೇ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹೊರಗೆ ಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಹಿಡಿದು, ಆರು ತಿಂಗಳೊಳಗೆ ಕೇಸ್ ಹಾಕಿದರೆ ಮನೆ ವಾಪಸ್ ಪಡೆಯಬಹುದು. ಅಲ್ಲಿ ಕೋರ್ಟ್ ಮನೆ ಯಾರದು ಅಂತ ಕೇಳುವುದೇ ಇಲ್ಲ. ಇದ್ದವರು ಯಾರು, ಹೊರಗೆ ಹಾಕಿದವರು ಯಾರು, ಇಷ್ಟನ್ನೇ ನೋಡುತ್ತದೆ. ಬಾಡಿಗೆ ಬಾಕಿಯ ನ್ಯಾಯ ನಿಮ್ಮ ಕಡೆ ಇದ್ದಿದ್ದು ಒಂದು ಬೀಗದಿಂದ ಅವರ ಕಡೆ ಹೋಗುತ್ತದೆ.

ನಡೆಯುವ ದಾರಿ ನಿಧಾನದ್ದು. ದಿನ, ಸಮಯ, ಕಾರಣ, ಬರುವ ಪ್ಲಂಬರ್ ಹೆಸರು, ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು. ಬೇಡ ಅಂದರೆ ಇನ್ನೆರಡು ಸಮಯ ಕೊಡಬೇಕು. ಸಿಟ್ಟಿನ ವಾಯ್ಸ್ ಮೆಸೇಜ್ ಕಳಿಸಬೇಡಿ, ಅದೂ ಸಾಕ್ಷಿಯಾಗುತ್ತದೆ, ನಿಮ್ಮ ವಿರುದ್ಧ. ಆಮೇಲೆ ವಕೀಲರ ನೋಟಿಸ್. ಅಗ್ರಿಮೆಂಟ್ ಮುಗಿದು ತಿಂಗಳ ಲೆಕ್ಕದಲ್ಲಿ ಮುಂದುವರಿದವರಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು. ಬಿಡದಿದ್ದರೆ ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಎಜೆಕ್ಟ್‌ಮೆಂಟ್ ಕೇಸ್, ಅಂದರೆ ಮನೆ ಬಿಡಿಸುವ ಕೇಸ್. ಅದು ವರ್ಷಗಟ್ಟಲೆ ಎಳೆಯಬಹುದು, ಆದರೆ ಅಷ್ಟು ವರ್ಷ ಸೂರು ಸೋರುತ್ತಲೇ ಇರಬೇಕು ಅಂತೇನಿಲ್ಲ. ಕೇಸ್ ನಡೆಯುವಾಗಲೇ ಮನೆಯ ಪರಿಶೀಲನೆಗೆ ಅರ್ಜಿ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಅವಕಾಶವಿದೆ. ಕೋರ್ಟ್ ತನ್ನ ಪರವಾಗಿ ಹೋಗಿ ನೋಡಲು ಒಬ್ಬ ಕಮಿಷನರ್ ಅನ್ನು ನೇಮಿಸಿದರೆ, ಅವರು ಇಬ್ಬರಿಗೂ ತಿಳಿಸಿ ಬಂದು, ನೋಡಿ, ವರದಿ ಕೊಡುತ್ತಾರೆ. ಬಾಡಿಗೆಯವರು ಬೇಡ ಅಂದರೂ ಬಾಗಿಲು ತೆಗೆಸುವ ದಾರಿ ಅಂದರೆ ಇದೇ.

ಪಿಜಿ ರೂಮಿನ ಮಾತು ಸ್ವಲ್ಪ ಬೇರೆ. ಅಲ್ಲಿ ಹಾಸಿಗೆ ಬಳಸಲು ಅನುಮತಿ ಇರುತ್ತದೆ, ಮನೆ ನಿಮ್ಮ ವಶಕ್ಕೆ ಬಂದಿರುವುದಿಲ್ಲ. ಇದನ್ನೇ ನೋಡಿ ಕೆಲವು ಓನರ್‌ಗಳು ಇಡೀ ಮನೆಗೂ "ಲೀವ್ ಆ್ಯಂಡ್ ಲೈಸೆನ್ಸ್", ಅಂದರೆ ಬರೀ ಬಳಸಲು ಅನುಮತಿ, ಅಂತ ಹೆಸರು ಹಾಕಿಸುತ್ತಾರೆ. ಹೆಸರು ಏನೇ ಇರಲಿ, ಕೋರ್ಟ್ ನೋಡುವುದು ಮನೆ ಪೂರ್ತಿ ಯಾರ ವಶದಲ್ಲಿತ್ತು ಅನ್ನುವುದನ್ನೇ.

ನಮ್ಮ ಮನೆಯಲ್ಲಿ ಕೋರ್ಟಿನ ತನಕ ಹೋಗಲಿಲ್ಲ. ಅಪ್ಪನ ಕೈಯಿಂದ ಬೀಗದ ಕೈ ಇಸಿದುಕೊಂಡು ನಾನು ಮೇಲೆ ಹೋದೆ. ಬೆಲ್ ಮಾಡಿ, ಆ ಹುಡುಗಿಗೆ ಕೀ ಕೊಟ್ಟೆ. "ಇದು ನಿಮ್ಮ ಹತ್ರಾನೇ ಇರ್ಲಿ. ನಮ್ಮ ಅಡುಗೆಮನೆ ಒಂದು ಸಲ ಬಂದು ನೋಡಿ" ಅಂದೆ. ಕೆಳಗೆ ಬಂದಳು. ಸೂರು ನೋಡಿದಳು, ಒಲೆಯ ಪಕ್ಕ ಅಮ್ಮ ಗುಡಿಸಿಟ್ಟಿದ್ದ ಚಕ್ಕೆಗಳನ್ನು ನೋಡಿದಳು. "ಇಷ್ಟೊಂದು ಆಗಿದೆ ಅಂತ ಗೊತ್ತೇ ಇರ್ಲಿಲ್ಲ ಆಂಟಿ" ಅಂದಳು. ಭಾನುವಾರ ಹನ್ನೊಂದಕ್ಕೆ ಬರಲು ಹೇಳಿದಳು. ಅಪ್ಪ ಹೋಗಲಿಲ್ಲ, ಪ್ಲಂಬರ್ ಮತ್ತು ನಾನು ಹೋದೆವು. ಬಾತ್‌ರೂಮಿನ ಬಾಗಿಲು ಬಿಟ್ಟು ಮಿಕ್ಕ ಬಾಗಿಲೆಲ್ಲ ಮುಚ್ಚಿತ್ತು.

ನಾನಿ ಟ್ರ್ಯಾಪ್ ಸುತ್ತ ಹಾಕಿದ್ದ ವೈಟ್ ಸಿಮೆಂಟ್ ಎದ್ದುಹೋಗಿತ್ತು. ಹನ್ನೆರಡು ವರ್ಷದ ಹಳೇ ಕೆಲಸ, ಅವರು ಮಾಡಿದ್ದೇನಲ್ಲ. ಖರ್ಚು ನಮ್ಮದೇ ಆಯಿತು. ಆ ಹುಡುಗ ಅರ್ಧ ಕೊಡುತ್ತೇನೆ ಅಂತ ಬಂದ, ಅಪ್ಪ ಬೇಡ ಅಂದರು. ಹಾಗಂತ ಪೂರ್ತಿ ರಾಜಿಯಾಗಿದ್ದಾರೆ ಅಂದುಕೊಳ್ಳಬೇಡಿ. ಕೀ ವಾಪಸ್ ಕೊಟ್ಟಿದ್ದಕ್ಕೆ ನನ್ನ ಮೇಲೆ ಈಗಲೂ ಗೊಣಗುತ್ತಾರೆ. ಅಡುಗೆಮನೆ ಸೂರಿಗೆ ಇನ್ನೂ ಪೇಂಟ್ ಹೊಡೆಸಿಲ್ಲ. ತೇವ ಪೂರ್ತಿ ಆರಬೇಕು, ಇನ್ನೊಂದು ತಿಂಗಳು ಬಿಡಿ ಅಂತ ಪ್ಲಂಬರ್ ಹೇಳಿದ್ದಾನೆ.